ಮನೆಮನೆಗೆ ಹೆಲಿಕಾಪ್ಟರಿನ ಹೇಳಿಕೆ

ಹೆಲಿಕಾಪ್ಟರ್ ಬಿಡಲು ಕಲಿಯುತ್ತೇನೆ ಎಂದು ನಾನು ಮನೆಯಲ್ಲಿ ಹೇಳಿದಾಗ ಅಮ್ಮ ಬೂತಾಯಿ ಮೀನು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಬೆಕ್ಕು ಬಂತು, ಓಡಿಸು" ಅಂದಳು, ಅಷ್ಟೆ. ನಾನು ಬೆಕ್ಕನ್ನು ಓಡಿಸಿ ಬಂದು ಮತ್ತೊಮ್ಮೆ ಹೇಳಿದೆ. ಈ ಸಲ ಅವಳು ಮೀನಿನ ನೀರನ್ನು ಅಗತ್ಯಕ್ಕಿಂತ ಜೋರಾಗಿ ತೆಂಗಿನ ಬುಡಕ್ಕೆ ಚೆಲ್ಲಿ ಒಳಗೆ ಹೋದಳು. ಬೈದಿದ್ದರೆ ನನಗೂ ತಿರುಗಿ ಹೇಳಲು ಬೇಕಾದಷ್ಟಿತ್ತು. ಬೈಯದ ಅಮ್ಮನ ಹತ್ತಿರ ಜಗಳ ಮಾಡುವುದು ಹೇಗೆ?

ಅವಳ ಸಿಟ್ಟಿಗೆ ಕಾರಣ ಗೊತ್ತಿತ್ತು. ನಮ್ಮ ಮನೆ ಕಾಸರಗೋಡಿನ ಮುಳ್ಳೇರಿಯದಿಂದ ಒಳಗೆ, ಗೇರು ತೋಟದ ಗುಡ್ಡದ ಕೆಳಗೆ. ನಾನು ಸಣ್ಣ ಕ್ಲಾಸಿನ ಹುಡುಗಿಯಾಗಿದ್ದಾಗ ಆ ಗುಡ್ಡಕ್ಕೆ ಕೀಟದ ಮದ್ದು ಬಿಡಲು ಹೆಲಿಕಾಪ್ಟರ್ ಬರುತ್ತಿತ್ತು. ಮರದ ತುದಿ ಸವರಿಕೊಂಡು, ಹಿಂದೆ ಬಿಳಿ ಹೊಗೆ ಎಳೆದುಕೊಂಡು. ಅಮ್ಮ ಹಲಸಿನ ಮರದಡಿ ಜೇನು ಪೆಟ್ಟಿಗೆ ಇಟ್ಟಿದ್ದಳು. ಒಂದು ವರ್ಷ ಹೆಲಿಕಾಪ್ಟರ್ ಬಂದು ಹೋದ ಮರುದಿನ ಜೇನುಹುಳುಗಳೆಲ್ಲ ಅಂಗಳದಲ್ಲಿ ಬಿದ್ದಿದ್ದವು. ಅವಳು ಹಿಡಿಸೂಡಿಯಲ್ಲಿ ಗುಡಿಸಿ ರಾಶಿ ಹಾಕಿದಳು. ಆಮೇಲೆ ಜೇನು ಸಾಕಲಿಲ್ಲ. ಆ ಮದ್ದು ಮನುಷ್ಯರಿಗೆ ಮಾಡಿದ್ದು ಮುಂದೆ ಇಡೀ ದೇಶಕ್ಕೆ ಗೊತ್ತಾಯಿತು. ಅದನ್ನು ಬರೆಯಲು ನನಗಿಂತ ತಿಳಿದವರಿದ್ದಾರೆ.

ಇಷ್ಟೆಲ್ಲ ಆಗಿಯೂ ನನಗೆ ಹೆಲಿಕಾಪ್ಟರಿನ ಮೇಲೆಯೇ ಮನಸ್ಸಾಯಿತು! ಮದ್ದಿನ ಮೇಲಲ್ಲ, ಆ ಯಂತ್ರದ ಮೇಲೆ. ಗಾಳಿಯಲ್ಲಿ ನಿಂತುಬಿಡುತ್ತದಲ್ಲ, ಅದರ ಮೇಲೆ. ಕಾಗೆಗೂ ಆಗದ ಕೆಲಸ ಅದು. ಊರಿಡೀ ಶಾಪ ಹಾಕಿದ ವಸ್ತುವನ್ನೇ ಪ್ರೀತಿಸಿದ್ದಕ್ಕೆ ನನ್ನ ತಲೆಯ ಸ್ಕ್ರೂ ಸ್ವಲ್ಪ ಸಡಿಲ ಇದ್ದಿರಬೇಕು.

ನನ್ನ ಪರವಾಗಿ ನಿಂತದ್ದು ಮಾಮ, ಅಂದರೆ ಅಮ್ಮನ ಅಣ್ಣ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಮನೆಯ ದೊಡ್ಡ ಮಾತುಗಳೆಲ್ಲ ಮಾಮನ ಬಾಯಿಂದಲೇ ಬರಬೇಕು. ಮಾಮ ಗಲ್ಫಿನಲ್ಲಿ, ಸಮುದ್ರದ ನಡುವಿನ ಎಣ್ಣೆ ಬಾವಿಯಲ್ಲಿ ಅಡುಗೆಯವರು. ಡ್ಯೂಟಿಗೆ ಹೋಗುವುದು ಬರುವುದು ಹೆಲಿಕಾಪ್ಟರಿನಲ್ಲಿ. "ನಮ್ಮ ಬದಿಯಡ್ಕ ಬಸ್ಸಿನ ಹಾಗೆಯೇ ಮಾರಾಯ್ತಿ, ಕಂಡಕ್ಟರ್ ಇಲ್ಲ ಅಷ್ಟೆ" ಎಂದು ತಂಗಿಯನ್ನು ಒಪ್ಪಿಸಲು ನೋಡಿದರು. ಅಮ್ಮ, "ನಿಮಗೆ ಸರಿ ಕಂಡರೆ ಮಾಡಿ" ಅಂದಳು. ನಮ್ಮ ಮನೆಯಲ್ಲಿ ಈ ಮಾತಿನ ಅರ್ಥ 'ನನಗೆ ಸರಿ ಕಾಣುವುದಿಲ್ಲ' ಎಂದು. ಮಾಮ ಅರ್ಥವಾಗದವರ ಹಾಗೆ ಇದ್ದು ನನ್ನನ್ನು ತರಬೇತಿ ಶಾಲೆಗೆ ಸೇರಿಸಿದರು.

ಹೆಲಿಕಾಪ್ಟರ್ ಕಲಿಯುವುದೆಂದರೆ ಎರಡು ಕೈ, ಎರಡು ಕಾಲಿಗೆ ನಾಲ್ಕು ಬೇರೆ ಬೇರೆ ಕೆಲಸ. ಒಂದನ್ನು ಸರಿಮಾಡಿದರೆ ಮೂರು ಹಾಳಾಗುತ್ತವೆ. ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸು ಎಂದರೆ ನನ್ನ ಹೆಲಿಕಾಪ್ಟರ್ ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಆಚೆ ಈಚೆ ಜಗ್ಗುತ್ತಿತ್ತು. ಕಲಿಸುವವರು ಬೈದು ಬೈದು ಸುಸ್ತಾದರು. ಕೊನೆಗೆ ನನಗೆ ದಾರಿ ತೋರಿಸಿದ್ದು ಚಿಕ್ಕಂದಿನಲ್ಲಿ ಊರಿನ ಶಾಲೆಗೆ ಹೋಗುತ್ತಿದ್ದ ಬಸ್ಸು. ಕಂಬಿ ಸಿಗದೆ ನಡುವಿನಲ್ಲಿ ನಿಂತವರು ತಿರುವಿನ ಜೊತೆ ಜಗಳಕ್ಕೆ ನಿಲ್ಲಬಾರದು. ಮೊಣಕಾಲು ಸಡಿಲ ಬಿಟ್ಟು, ಕಣ್ಣು ದೂರ ಇಟ್ಟು, ಬಸ್ಸು ಹೋದ ಹಾಗೆ ಹೋಗಬೇಕು. ಹಾಗೆಯೇ ಕೈ ಸಡಿಲ ಬಿಟ್ಟೆ. ಹೆಲಿಕಾಪ್ಟರ್ ನಿಂತಿತು. ಖುಷಿಯಲ್ಲಿ ನಾನು ತುಳುವಿನಲ್ಲಿ ಏನೋ ಕಿರುಚಿದೆ. ಕಲಿಸುವವರು ಹೆದರಿ ಸ್ಟಿಕ್ಕು ಹಿಡಿದುಕೊಂಡರು.

ಸಂಜೆ ಅಮ್ಮನಿಗೆ ಫೋನು ಮಾಡಿದೆ. ಅವಳು ಊಟ ಆಯಿತಾ ಕೇಳಿದಳು, ತಲೆಗೆ ಎಣ್ಣೆ ಹಾಕಿದೆಯಾ ಎಂದು ಕೇಳಿದಳು. ಹಾರುವ ವಿಷಯ ಒಂದು ಶಬ್ದ ಇಲ್ಲ. ಕಲಿತ ಅಷ್ಟೂ ಕಾಲ ಹೀಗೆಯೇ. ಲೈಸನ್ಸ್ ಸಿಕ್ಕಿತು ಎಂದು ಹೇಳಿದಾಗಲೂ, "ಹೌದಾ, ಇಲ್ಲಿ ಮಳೆ ಬಂತು" ಅಂದಳು. ನನಗೆ ದೊಡ್ಡ ಆಸೆಯೇನೂ ಇರಲಿಲ್ಲ. ಹೊಗಳುವುದು ಬೇಡ. ಒಮ್ಮೆ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅದು ಬರದೆ ಇದ್ದದ್ದು ನನ್ನನ್ನು ನಿಜಕ್ಕೂ ನೋಯಿಸುತ್ತಿತ್ತು.

ಊರಿನಲ್ಲಂತೂ ಅವಳು ನನ್ನ ಕಲಿಕೆಯನ್ನು 'ಕಂಪ್ಯೂಟರಿನ ಎಂತದೋ' ಎಂದು ಮಾಡಿಬಿಟ್ಟಿದ್ದಳು. ರಜೆಯಲ್ಲಿ ಮನೆಗೆ ಬಂದರೆ ಆಚೆಮನೆಯವರು ಕೆಟ್ಟ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಬಂದು ಜಗಲಿಯಲ್ಲಿ ಇಳಿಸಿದರು. ಅಮ್ಮ ಒಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಮರ್ಯಾದೆ ಉಳಿಸಲು ಅದನ್ನು ಬಿಚ್ಚಿ, ಒಳಗಿದ್ದ ಜಿರಳೆ ಸಂಸಾರವನ್ನು ಹೊರಗೆ ಹಾಕಿ ಮುಚ್ಚಿದೆ. ಪುಣ್ಯಕ್ಕೆ ಅದು ಚಾಲೂ ಆಯಿತು. ಆಮೇಲೆ ಊರಿನ ಮಿಕ್ಸಿ, ರೇಡಿಯೋ ಎಲ್ಲ ಬರತೊಡಗಿದವು.

ಲೈಸನ್ಸ್ ಇದ್ದವರಿಗೆಲ್ಲ ಕೆಲಸ ಇರುವುದಿಲ್ಲ ಎಂಬುದು ಲೈಸನ್ಸ್ ಸಿಕ್ಕಿದ ಮೇಲೆ ಗೊತ್ತಾಗುವ ವಿಷಯ. ಎಲ್ಲಿ ಕೇಳಿದರೂ, ಇನ್ನಷ್ಟು ಹಾರಿದ ಅನುಭವ ಬೇಕು. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು? ನಾನು ಮನೆಯಲ್ಲಿ ಕೂತು ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿದೆ. ಹಲಸು ಹಣ್ಣಾಗುವ ಹೊತ್ತಿಗೆ ಒಂದು ಫೋನು ಬಂತು. ದಕ್ಷಿಣದ ಮಲಯಾಳ ಸೀಮೆಯ ರಬ್ಬರ್ ಗುಡ್ಡಗಳಲ್ಲಿ ಮಳೆಗಾಲಕ್ಕೆ ಮುಂಚೆ ಹೆಲಿಕಾಪ್ಟರಿನಿಂದ ಮದ್ದು ಬಿಡುವ ಕೆಲಸ. ಹಳೆಯ ಪೈಲಟ್ ಒಬ್ಬರ ಪಕ್ಕದಲ್ಲಿ ಕೂರಲು ಜನ ಬೇಕು. ಇದನ್ನು ಬಿಟ್ಟರೆ ಬೇರೆ ಯಾವುದೂ ಇರಲಿಲ್ಲ. ಭೂಮಿಯ ಮೇಲೆ ಇಷ್ಟು ಕೆಲಸಗಳಿರುವಾಗ ನನ್ನ ಹಣೆಯಲ್ಲಿ ಇದನ್ನೇ ಬರೆಯಬೇಕೇ?

ಅಮ್ಮ ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದಳು. ನಾನು ಎದುರು ಕೂತು ಹೇಳಿಬಿಟ್ಟೆ.

"ಎಂತ ಮದ್ದು?"

"ತಾಮ್ರದ್ದು ಅಮ್ಮ. ಅಡಿಕೆಗೆ ಬಿಡುವ ಮೈಲುತುತ್ತಿನ ಜಾತಿ. ಅದೇ ಬೇರೆ, ಇದೇ ಬೇರೆ."

"ಆವಾಗಲೂ ಎಂತದೂ ಆಗುವುದಿಲ್ಲ ಅಂತಲೇ ಹೇಳಿದ್ದು."

"ಯಾರು ನಿನ್ನ ಹತ್ತಿರ ಹೇಳಿದ್ದು?"

"ಯಾರೂ ಹೇಳಲಿಲ್ಲ!" ಅಮ್ಮನ ಸ್ವರ ಒಮ್ಮೆಲೇ ಏರಿತು. "ಅದೇ ಅಲ್ಲವಾ ನಾನು ಹೇಳುವುದು? ಮೇಲಿನ ರೋಡಿನಲ್ಲಿ ಜೀಪಿಗೆ ಮೈಕ ಕಟ್ಟಿ ಕೂಗಿದರಂತೆ. ಈ ಜಾಲಿಗೆ, ಈ ಅಂಗಳಕ್ಕೆ ಯಾರು ಬಂದರು? ನಾಯಿಗೆ ಸೂಜಿ ಕುತ್ತುವವರು ಸಹ ಮನೆಗೆ ಬಂದು ಹೇಳಿ ಹೋಗ್ತಾರೆ. ಒಂದು ಮಾತು ಹೇಳಿದ್ದರೆ ಪೆಟ್ಟಿಗೆ ಎತ್ತಿ ಒಳಗೆ ಇಡುತ್ತಿರಲಿಲ್ಲವಾ ನಾನು?"

ಅಮ್ಮ ಹಣ್ಣಿನ ಒಂದು ಸೊಳೆ ಬಿಡಿಸಿ ನನ್ನ ಕೈಗೆ ಕೊಟ್ಟಳು.

"ಹೋಗುವುದಾದರೆ ಹೋಗು. ಆದರೆ ಯಾರ ಮನೆಯ ಮೇಲೆ ಹೋಗ್ತೀಯೋ, ಆ ಮನೆಗೆ ಮೊದಲು ಕಾಲಲ್ಲಿ ಹೋಗು. ಹೇಳಿಕೆ ಕೊಟ್ಟು ಬಾ."

ಹೇಳಿಕೆ ಎಂದರೆ ನಮ್ಮಲ್ಲಿ ಮನೆಗೇ ಹೋಗಿ ಕರೆಯುವುದು. ಮದುವೆಗೆ ಫೋನಿನಲ್ಲಿ ಕರೆದರೆ ಕರೆದ ಲೆಕ್ಕವಲ್ಲ. ಚಪ್ಪಲಿ ಬಿಟ್ಟು ಜಗಲಿ ಹತ್ತಿ, ಕ್ಷೇಮ ಕೇಳಿ, ನೀರಾದರೂ ಕುಡಿದು, ಆಮೇಲೆ ವಿಷಯ. ಮದ್ದು ಬಿಡುವುದಕ್ಕೂ ಇದೇ ಕ್ರಮವೇ ಎಂದು ನಗು ಬಂದರೂ ನಗುವ ಧೈರ್ಯವಾಗದೆ, ಆಗಲಿ ಎಂದು ಮಾತು ಕೊಟ್ಟೆ.

ರಬ್ಬರ್ ಗುಡ್ಡಕ್ಕೆ ಹೋದ ಮೇಲೆ ನನ್ನ ಕ್ಯಾಪ್ಟನ್, ಅಂದರೆ ಸೇನೆಯಿಂದ ನಿವೃತ್ತರಾದ ಆ ಹಳೆಯ ಪೈಲಟ್, ಇದನ್ನು ಕೇಳಿ ಹುಬ್ಬೇರಿಸಿದರು. "ಪಂಚಾಯತಿಗೆ ನೋಟಿಸು ಹೋಗಿದೆಯಲ್ಲ?" ಎಂದರು. "ಅಮ್ಮನಿಗೆ ಮಾತು ಕೊಟ್ಟಿದ್ದೇನೆ" ಎಂದೆ. ಅಮ್ಮನ ಮಾತೆಂದರೆ ಸೇನೆಯಲ್ಲೂ ಆರ್ಡರೇ ಅಂತೆ. ಒಂದು ದಿನ ಬಿಡುವು ಕೊಟ್ಟರು.

ಹೇಳಿಕೆಗೆ ಹೋಗುವಾಗ ಚೂಡಿದಾರದಲ್ಲಿ ಹೋಗುವುದುಂಟೇ? ಇದ್ದ ಒಂದೇ ಒಳ್ಳೆಯ ಸೀರೆ ಉಟ್ಟುಕೊಂಡು ಹೊರಟೆ. ಅದು ಮೊದಲನೆಯ ತಪ್ಪು. ಮೊದಲ ಮನೆಯ ಅಮ್ಮಚ್ಚಿ, ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವುದು ಹಾಗೆ, ನನ್ನನ್ನು ಕಂಡದ್ದೇ ಕುರ್ಚಿ ಒರೆಸಿ ಕೂರಿಸಿ, ಚಾ ಕೊಟ್ಟು, "ಹುಡುಗ ಏನು ಮಾಡುತ್ತಾನೆ?" ಎಂದು ಕೇಳಿದರು. ಹುಡುಗನಿಲ್ಲ, ಹೆಲಿಕಾಪ್ಟರ್ ಎಂದು ನನ್ನ ಕಾಸರಗೋಡು ಮಲಯಾಳದಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಬೆವರಿಳಿಯಿತು. ಆ ಕಡೆಯವರಿಗೆ ನಮ್ಮ ಮಲಯಾಳ ಕೇಳಿದರೆ ನಗು. ನಕ್ಕರೂ ಕಿವಿಗೊಟ್ಟರು. ನಾಳೆ ಬೆಳಿಗ್ಗೆ ಬಾವಿ ಮುಚ್ಚಿ, ಹಸು ಒಳಗೆ ಕಟ್ಟಿ, ಬಟ್ಟೆ ಹೊರಗೆ ಹಾಕಬೇಡಿ ಎಂದೆ. ಒಬ್ಬರು ಒಣಗಲು ಹಾಕಿದ ಕಾಳುಮೆಣಸಿನ ಬಗ್ಗೆ ಕೇಳಿದರು, ಇನ್ನೊಬ್ಬರು ಮರದಲ್ಲಿದ್ದ ಮಾವಿನಕಾಯಿಯ ಬಗ್ಗೆ. ಸಂಜೆಗೆ ಹೊಟ್ಟೆಯಲ್ಲಿ ಚಾ ಕುಲುಕುತ್ತಿತ್ತು.

ಎರಡನೆಯ ತಪ್ಪು ಮರುದಿನ ಬೆಳಿಗ್ಗೆ ತಿಳಿಯಿತು. ಹೆಲಿಕಾಪ್ಟರ್ ನಿಲ್ಲಿಸಿದ ಮೈದಾನಕ್ಕೆ ಹೋಗಿ ನೋಡಿದರೆ ಜಾತ್ರೆ! ಅಮ್ಮಚ್ಚಿಯರು, ಸೊಂಟದ ಮೇಲೆ ಮಕ್ಕಳು, ಕೊಡೆ ಹಿಡಿದ ಮುದುಕರು, ಎಲ್ಲರೂ ಒಗೆದ ಬಟ್ಟೆಯಲ್ಲಿ. ಕ್ಯಾಪ್ಟನ್ ಕೆಂಪಗಾಗಿದ್ದರು. "ಇವರೆಲ್ಲ ಯಾಕೆ ಬಂದಿದ್ದಾರೆ?"

ನನಗೆ ಆಗ ಹೊಳೆಯಿತು. ಪ್ರತಿ ಮನೆಯ ಮೆಟ್ಟಿಲು ಇಳಿಯುವಾಗ, ನಾಲಗೆಗೆ ರೂಢಿಯಾದ ಹಾಗೆ, "ಎಲ್ಲರೂ ತಪ್ಪದೆ ಬರಬೇಕು" ಎಂದು ಕೈ ಮುಗಿದು ಬಂದಿದ್ದೆ.

ಕ್ಯಾಪ್ಟನ್ ಬೈಯಲು ಬಾಯಿ ತೆರೆದರು. ಆಮೇಲೆ ಗುಂಪನ್ನು ನೋಡಿದರು, ಆಚೆಯ ಗುಡ್ಡವನ್ನು ನೋಡಿದರು. ಗಾಳಿ ನಮ್ಮ ಕಡೆಯಿಂದ ಆ ಕಡೆಗೆ ಬೀಸುತ್ತಿತ್ತು. "ಹಾಗಾದರೆ ಆ ಮನೆಗಳಲ್ಲಿ ಈಗ ಯಾರೂ ಇಲ್ಲ" ಎಂದರು ನಿಧಾನವಾಗಿ. ಜನರನ್ನು ಹಗ್ಗದ ಆಚೆ ಕೂರಿಸಲು ಹೇಳಿ ನನ್ನನ್ನು ಹತ್ತಲು ಕರೆದರು. ಮೇಲಿನಿಂದ ನೋಡಿದರೆ ಪ್ರತಿ ಬಾವಿಯ ಮೇಲೂ ಟಾರ್ಪಾಲು, ಅಂಗಳಗಳೆಲ್ಲ ಖಾಲಿ. ಮುಗಿದು ಇಳಿದಾಗ ಅಮ್ಮಚ್ಚಿಯರು ಕ್ಯಾಪ್ಟನ್ನರಿಗೂ ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟರು. ಮುಂದಿನ ಕಣಿವೆಗೆ ಹೋಗುವ ಮೊದಲು ಕ್ಯಾಪ್ಟನ್ನೇ ಕೇಳಿದರು, "ಸೀರೆ ಒಗೆದು ಹಾಕಿದೆಯಾ?"

ಆ ಮಳೆಗಾಲದ ಮುಂಚಿನ ಹಾರಾಟದಿಂದಲೇ ಮುಂದೆ ನನಗೆ ಸಮುದ್ರದ ಮೇಲೆ ಹಾರುವ ಕೆಲಸ ಸಿಕ್ಕಿತು. ಆದರೆ ನಾನು ಹೇಳಬೇಕಾದದ್ದು ಆ ಮೊದಲ ದಿನ ಮಧ್ಯಾಹ್ನದ ಫೋನಿನ ವಿಷಯ. ಅಮ್ಮನಿಗೆ ಎಲ್ಲ ಹೇಳಿದೆ. ಸೀರೆ, ಚಾ, ಜಾತ್ರೆ. ಅವಳು ಬಿದ್ದು ಬಿದ್ದು ನಕ್ಕಳು. ಎಲ್ಲ ಮನೆಯಲ್ಲೂ ಕುಡಿದೆಯಾ, ಒಂದನ್ನೂ ಬಿಡಲಿಲ್ಲವಲ್ಲ ಎಂದು ವಿಚಾರಿಸಿದಳು. ಆಮೇಲೆ ಬೆಕ್ಕನ್ನು ಓಡಿಸಿ ಬಂದಳು.

"ಆವಾಗ ಇಲ್ಲಿ ಹೆಲಿಕಾಪ್ಟರ್ ಬಿಡುತ್ತಿದ್ದವನೂ ಒಂದು ತಾಯಿಯ ಮಗನೇ" ಅಂದಳು. "ಬಂದು ಹೇಳಿದ್ದರೆ ಅವನಿಗೂ ಚಾ ಕೊಡುತ್ತಿದ್ದೆ."

ನಾನು ಹೂಂ ಎಂದೆ.

"ಅಲ್ಲ ಮಗಾ," ಅವಳ ಸ್ವರ ತಗ್ಗಿತು, "ಮೇಲಿನಿಂದ ನೋಡುವಾಗ ಹೇಗೆ ಕಾಣ್ತದೆ?"

ಇಷ್ಟು ವರ್ಷ ಕಾದ ಪ್ರಶ್ನೆ. ಉತ್ತರವನ್ನು ಸಾವಿರ ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದೆ. ಎಲ್ಲಿಂದ ಶುರುಮಾಡುವುದು ಎಂದು ತಿಳಿಯದೆ ಮೈದಾನದ ಬದಿಯಲ್ಲಿ ನಿಂತು ಅತ್ತುಬಿಟ್ಟೆ.

ಅಮ್ಮನಿಗೆ ಗಾಬರಿಯಾಯಿತು. "ಎಂತಾಯ್ತು? ಅಷ್ಟು ಕೆಟ್ಟದಾಗಿ ಕಾಣ್ತದಾ?"