ಹಿದಾಯತನ ಎಡಗೈ

ದಾವಣಗೆರೆಯಲ್ಲಿ ಸತ್ತವರು ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡದೆ ತಮ್ಮ ಪಾಡಿಗೆ ತಾವಿರುತ್ತಾರೆ. ಬ್ಯಾಂಡಿನ ಬಡೇಸಾಬನ ಮನೆಯಲ್ಲಿ ಮಾತ್ರ ಸತ್ತವನೊಬ್ಬ ದಿನಾ ಸಂಜೆ ವಾದ್ಯ ನುಡಿಸುತ್ತಿದ್ದ.

ನುಡಿಸುತ್ತಿದ್ದವನು ಬಡೇಸಾಬನ ತಮ್ಮ ಹಿದಾಯತ್. ಅಣ್ಣತಮ್ಮಂದಿರು ಸೇರಿ ಮದುವೆ ಬ್ಯಾಂಡು ನಡೆಸುತ್ತಿದ್ದರು. ಅಣ್ಣ ಕ್ಲಾರಿಯೋನೆಟ್ ಊದುವವನು. ಬೀಗರ ಮುಖ ನೋಡಿಯೇ ಮೆರವಣಿಗೆಯನ್ನು ಎಷ್ಟು ಬೀದಿ ಸುತ್ತಿಸಬಹುದು ಎಂದು ಲೆಕ್ಕ ಹಾಕುವ ಕಸುಬುದಾರ. ತಮ್ಮನಿಗೆ ಲೆಕ್ಕ ಬರುತ್ತಿರಲಿಲ್ಲ, ಹುಚ್ಚು ಬರುತ್ತಿತ್ತು. ಎಂಬತ್ತೈದನೇ ಇಸವಿಯಲ್ಲಿ ಹರಿಹರದ ಮುರುಗೇಶಪ್ಪನ ರೇಡಿಯೋ ಅಂಗಡಿಯಿಂದ ಜಪಾನಿನ ಕೀಬೋರ್ಡೊಂದನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ. ಅದರ ಕಪ್ಪು ಬಿಳಿ ಮನೆಗಳಲ್ಲಿ ಮೂರನ್ನು ಎಡಗೈಯಿಂದ ಒಟ್ಟಿಗೆ ಒತ್ತಿದರೆ ಮೂರು ಸ್ವರ ಸೇರಿ ಒಂದು ತುಂಬು ನಾದ. ಅದಕ್ಕೆ ಅವನು ‘ಕಾರ್ಡು’ ಎನ್ನುತ್ತಿದ್ದ. ಎಡಗೈಯ ಕಾರ್ಡುಗಳನ್ನು ಒಮ್ಮೆ ಬಾರಿಸಿ ತುಂಬಿಟ್ಟರೆ ಯಂತ್ರ ನೆನಪಿಟ್ಟುಕೊಳ್ಳುತ್ತಿತ್ತು. ಆಮೇಲೆ ಗುಂಡಿ ಒತ್ತಿದರೆ ಸಾಕು, ತಾನೇ ನುಡಿಯುತ್ತಿತ್ತು. “ಸಂಬಳ ಕೇಳದ ಆಳು,” ಎಂದು ಬಡೇಸಾಬನೂ ಒಪ್ಪಿದ್ದ.

ಒಂದು ಮಧ್ಯಾಹ್ನ ಹಿದಾಯತ್ ಹೊಸ ಹಾಡೊಂದಕ್ಕೆ ಕಾರ್ಡು ತುಂಬುತ್ತಿದ್ದಾಗ ಹರಿಹರದ ಮದುವೆಗೆ ಕರೆದೊಯ್ಯುವ ಲಾರಿ ಬಂತು. ಅರ್ಧಕ್ಕೇ ಬಿಟ್ಟು ಎದ್ದ. ಹರಿಹರದಲ್ಲಿ, ಮೆರವಣಿಗೆ ಹೊರಡುವ ಮುಂಚೆ, ಮುಖ ತೊಳೆದು ಬರುತ್ತೇನೆಂದು ಹೊಳೆಗೆ ಇಳಿದ. ಹೊಸ ನೀರು ಬಂದಿತ್ತು. ಹೆಣ ಸಿಕ್ಕಿದ್ದು ಸೇತುವೆಗಿಂತ ಬಹಳ ಕೆಳಗೆ.

ಯಂತ್ರದಲ್ಲಿ ಮಾತ್ರ ಅರ್ಧ ಹಾಡು ಹಾಗೇ ಉಳಿಯಿತು. ತಾಯಿ ಸುಗ್ರಾಬಿ ದಿನಾ ಸಂಜೆ ನಮಾಜು ಮುಗಿಸಿ ಬಂದು ಗುಂಡಿ ಒತ್ತುವಳು. ಹಾಡು ನಡೆಯುವುದು, ಅರ್ಧಕ್ಕೆ ನಿಲ್ಲುವುದು. ಎರಡನೇ ಸಾಲಿನಲ್ಲಿ ಒಂದು ಕಾರ್ಡು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕ ಹಿದಾಯತನ ಕಿರುಬೆರಳು ಅಲ್ಲಿಗೆ ಚಾಚಲು ಒದ್ದಾಡುತ್ತಿತ್ತು. ಆ ತಡ ಬಂದಾಗಲೆಲ್ಲ ಸುಗ್ರಾಬಿ ಕಣ್ಣು ಮುಚ್ಚುವಳು.

“ಅಮ್ಮಾ, ಟೇಪಿಗೆ ಹಾಕಿ ಇಟ್ಕೊಳಾಣ. ಕೆಟ್ಟುಹೋದ್ರೆ?” ಎಂದಿದ್ದ ಬಡೇಸಾಬ.

“ಟೇಪಿನಾಗೆ ದನಿ ಸಿಗ್ತೈತೆ ಕಣೋ, ಕೈ ಸಿಗಲ್ಲ. ಬ್ಯಾಡ,” ಎಂದಳು. ಟೇಪಿನ ಮಾತು ಅಲ್ಲಿಗೇ ಮುಗಿಯಿತು.

ಪಕ್ಕದ ಮನೆಯ ಅಂಜಿನವ್ವನಿಗೆ ಇದು ಸರಿಬರಲಿಲ್ಲ. “ಸತ್ತೋನು ಮನಿಯಾಗೆ ಬಾರಿಸ್ತಾ ಕುಂತ್ರೆ ಇದ್ದೋನು ಹೆಂಗೆ ಬದುಕಬೇಕು? ಉಕ್ಕಡಗಾತ್ರಿ ಅಜ್ಜನ ಹತ್ರ ಹೋಗಿ ಬರಾಣ ಬಾರೇ ಸುಗ್ರವ್ವ,” ಎಂದು ಬೆನ್ನು ಹತ್ತಿದಳು. ಉಕ್ಕಡಗಾತ್ರಿಯ ಅಜ್ಜನ ಗದ್ದುಗೆಗೆ ಜನ ಹೋಗುವುದು ಅಂಟಿಕೊಂಡ ಗಾಳಿ ಬಿಡಿಸಿಕೊಳ್ಳಲು. ಸುಗ್ರಾಬಿ ಒಪ್ಪಿದ್ದು ಬೇರೆ ಅರ್ಜಿ ಇಟ್ಟುಕೊಂಡು: ಯಾರು ಏನೇ ಬೇಡಲಿ, ನನ್ನ ಮಗನನ್ನು ಮಾತ್ರ ಓಡಿಸಬೇಡ.

ಅಮಾವಾಸ್ಯೆ ದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರು. ಬಡೇಸಾಬ ಒಬ್ಬನೇ ಉಳಿದ. ಕೀಬೋರ್ಡನ್ನು ಮಗುಚಿ ನೋಡಿದರೆ ಸೆಲ್ಲುಗಳು ಒಸರಿ ಬಿಳಿ ಬೂಷ್ಟು ಕಟ್ಟಿದ್ದವು. ಇವತ್ತೋ ನಾಳೆಯೋ ನೆನಪೆಲ್ಲ ಹೋಗುವ ಸ್ಥಿತಿ. ಸೆಲ್ಲು ಬದಲಿಸುವಾಗ ಕರೆಂಟಿನ ವೈರು ಹಾಕಿರಬೇಕು, ಇಲ್ಲದಿದ್ದರೆ ತುಂಬಿದ್ದೆಲ್ಲ ಅಳಿಸಿ ಹೋಗುತ್ತದೆ ಎಂದು ಮುರುಗೇಶಪ್ಪ ಮೊದಲೇ ಹೇಳಿದ್ದ. ಬಡೇಸಾಬ ವೈರು ಹಾಕಿದ, ಹಳೇ ಸೆಲ್ಲು ತೆಗೆದ, ಬೂಷ್ಟನ್ನು ಉಪ್ಪುಕಾಗದದಿಂದ ಉಜ್ಜತೊಡಗಿದ. ಉಜ್ಜುತ್ತಿದ್ದಂತೆಯೇ ತಲೆಯ ಮೇಲಿನ ಫ್ಯಾನು ಸುಸ್ತಾಗಿ ನಿಂತಿತು. ಕರೆಂಟು ಹೋಗಿತ್ತು.

ಕರೆಂಟು ಬಂದ ಮೇಲೆ ಹೊಸ ಸೆಲ್ಲು ಹಾಕಿ ಗುಂಡಿ ಒತ್ತಿದ. ಫ್ಯಾನಿನ ಸದ್ದು ಮಾತ್ರ ಕೇಳಿಸಿತು.

ಸಂಜೆ ತಾಯಿ ಬಂದು ಇದೇ ಗುಂಡಿ ಒತ್ತುತ್ತಾಳೆ. ಒತ್ತಿದ ಮೇಲೆ ಅವಳ ಮುಖ ಏನಾಗುತ್ತದೆ ಎಂದು ಊಹಿಸಲು ಅವನಿಗೆ ಧೈರ್ಯ ಬರಲಿಲ್ಲ. ದಿನಾ ಕೇಳಿದ ಹಾಡು, ಕಿವಿಯಲ್ಲಿ ಕೂತಿದೆ. ತಾನೇ ಮತ್ತೆ ತುಂಬಿದರಾಯಿತು ಎಂದು ಕೂತ. ಮೊದಲ ಕಾರ್ಡಿಗೆ ಮೂರು ಬೆರಳಿಟ್ಟು ಒತ್ತಿದ. ಬಂದದ್ದು ಬೇರೇನೋ. ಮದುವೆ ಹಾಡಿನ ನಡುವೆ ಯಾರೋ ಗಂಟಲು ಕಟ್ಟಿ ಅತ್ತ ಹಾಗೆ. ಬೆರಳು ನೋಡಿಕೊಂಡ, ಸರಿಯಾಗಿಯೇ ಇದ್ದವು. ಮತ್ತೆ ಒತ್ತಿದ. ಮತ್ತೆ ಅದೇ ಅಳು. ತಾನು ಒತ್ತುವುದು ಒಂದು, ಒಳಗಿರುವವನು ನುಡಿಸುವುದು ಇನ್ನೊಂದು ಎನಿಸಿ ಕೈ ಹಿಂದಕ್ಕೆ ತೆಗೆದ. ಒಂದೊಂದೇ ಮನೆ ಒತ್ತಿ ಪರೀಕ್ಷಿಸಲೂ ಬೆರಳು ಮುಂದಾಗಲಿಲ್ಲ. ಕೀಬೋರ್ಡನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಹರಿಹರದ ಬಸ್ಸು ಹತ್ತಿದ.

ಮುರುಗೇಶಪ್ಪನ ಅಂಗಡಿ ಬಸ್ಸು ಓಡಾಡುವ ರಸ್ತೆಗೇ ಇತ್ತು. ಅವನು ದೆವ್ವವನ್ನೂ ಗಿರಾಕಿಯನ್ನೂ ಒಂದೇ ಕಣ್ಣಿನಲ್ಲಿ ನೋಡುವ ಮನುಷ್ಯ: ಮಾತಾಡಲಿ, ಆಮೇಲೆ ನೋಡೋಣ.

“ಕೂಡ್ರಿ ಸಾಬ್ರೆ. ಏನಂತಾನೆ ನಿಮ್ ತಮ್ಮ?”

“ಅವನ ಕಾರ್ಡು ನನ್ನ ಕೈಯಾಗೆ ಬರ್ತಿಲ್ರೀ ಯಜಮಾನ್ರೆ. ಒತ್ತಗೊಡವಲ್ಲ ಅವನು.”

“ನನ್ನ ಅಂಗಡಿ ಮಾಲಿನಾಗೆ ದೆವ್ವ ಕೂತ್ರೆ ಮೊದಲು ನನಗೆ ಹೇಳಿ ಕೂರ್ತೈತೆ. ಬಲಗಡೆಯಿಂದ ಒಂದೊಂದೇ ಮನಿ ಒತ್ರಿ.”

ಬಡೇಸಾಬ ಬಲಗಡೆಯ ಮನೆಗಳನ್ನು ಒಂದೊಂದೇ ಒತ್ತಿದ. ಒಂದೂ ತಪ್ಪಿರಲಿಲ್ಲ. ಮುರುಗೇಶಪ್ಪ ಅಲ್ಲೇ ಮೂರು ಒಟ್ಟಿಗೆ ಒತ್ತಿಸಿದ. ನಾದ ಸ್ವಚ್ಛವಾಗಿ ಬಂತು. ಎಡಗಡೆ ಮೂರು ಒತ್ತಿಸಿದ, ಅಳು. ಎರಡು ಒತ್ತಿಸಿದ, ಇನ್ನೊಂದು ಬಗೆಯ ಅಳು.

“ಈಗ ಎಡಗಡೆ ಒಂದೇ ಒತ್ರಿ, ಬಿಡಬ್ಯಾಡ್ರಿ.”

ಬಡೇಸಾಬ ಒಂದೇ ಬೆರಳಿಟ್ಟ. ಮೂರೂ ಸ್ವರಗಳ ತುಂಬು ಕಾರ್ಡು ತಾನಾಗಿ ಎದ್ದು ಬಂತು. ಅವನು ತನ್ನ ಒಂದೇ ಬೆರಳನ್ನು ನೋಡಿಕೊಂಡ. “ಉಳಿದೆರಡು ಯಾರು ಒತ್ತಿದ್ರು?”

“ಜಪಾನಿನೋರು,” ಎಂದ ಮುರುಗೇಶಪ್ಪ. ಎಡಗಡೆ ಮೂಲೆಯ ಸಣ್ಣ ಜಾರುಗುಂಡಿಯನ್ನು ತೋರಿಸಿದ. “ಇದು ಕಲಿಯೋರಿಗೆ ಮಾಡಿದ್ದು. ಹಿಂಗೆ ಸರಿಸಿದ್ರೆ ಒಂದು ಬೆರಳಿಗೇ ಪೂರಾ ಕಾರ್ಡು. ಮ್ಯಾಲೆ ಇನ್ನೊಂದು, ಮತ್ತೊಂದು ಬೆರಳು ಇಟ್ರೆ ಬೇರೆ ಕಾರ್ಡು ಕೇಳ್ತಾನೆ ಅಂತ ತಿಳ್ಕಂತೈತೆ. ಹಿದಾಯತ್ ಮೂರೂ ಬೆರಳಿಟ್ಟು ಬಾರಿಸೋನು, ಗುಂಡೀನ ಆ ಕಡೆ ಇಟ್ಟಿದ್ದ. ಯಾರು ಸರಿಸಿದ್ರಿ?”

“ನಾನು ಮುಟ್ಟಿಲ್ರೀ.”

“ಕೆಟ್ಟಿದ್ದು ತರೋರು ಯಾರೂ ಮುಟ್ಟಿರಲ್ಲ ಬಿಡ್ರಿ.”

ಸೆಲ್ಲಿನ ಬೂಷ್ಟು ಉಜ್ಜಲು ಮಗುಚಿ ಹಿಡಿದಾಗ ಹೆಬ್ಬೆರಳು ಅದೇ ಮೂಲೆಯಲ್ಲಿತ್ತು ಎಂಬುದು ಬಡೇಸಾಬನಿಗೆ ಆಗ ಹೊಳೆಯಿತು. ಮುರುಗೇಶಪ್ಪ ಗುಂಡಿ ಸರಿಸಿದ. ಮೂರು ಬೆರಳಿಗೆ ಮೂರು ಸ್ವರ ಬಂದವು.

ಅಲ್ಲೇ ಕೂತು ತುಂಬಿಬಿಡಿ, ಮನೆಯಲ್ಲಿ ಮತ್ತೆ ಕರೆಂಟು ಹೋದೀತು ಎಂದು ಮುರುಗೇಶಪ್ಪ ಸ್ಟೂಲು ಎಳೆದುಕೊಟ್ಟ. ಬಡೇಸಾಬ ರಸ್ತೆಗೆ ಬೆನ್ನು ಹಾಕಿ ಕೂತ. ಎರಡನೇ ಸಾಲಿನಲ್ಲಿ ತಡ ಮಾಡಬೇಕು, ತಡ ಮಾಡಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಬಾರಿಸುತ್ತ ಬಾರಿಸುತ್ತ ಮುಂದಿನ ಕಾರ್ಡಿನ ಚಿಂತೆಯಲ್ಲಿ ಅದನ್ನು ಮರೆತು ದಾಟಿಬಿಟ್ಟ. ದಾಟಿದ ಮೇಲೆ ನೆನಪಾಯಿತು. ಆದರೂ ನಿಲ್ಲಿಸಲಿಲ್ಲ. ತಮ್ಮ ಎದ್ದು ಹೋದ ಕಾರ್ಡು ಬಂತು. ಮುಂದಿನದು ಯಾವುದೆಂದು ಬೆರಳಿಗೆ ಗೊತ್ತಿತ್ತು, ಹಾಡು ಮುಗಿಸಬಹುದಿತ್ತು. ಅಲ್ಲಿಗೇ ನಿಲ್ಲಿಸಿ ಕೈ ಎತ್ತಿದ.

“ಒಂದು ಕಡೆ ತಪ್ಪೈತೆ, ಮತ್ತೆ ಮೊದಲಿಂದ ತುಂಬಬೇಕು,” ಎಂದ.

“ಮೊದಲು ಕೇಳ್ರಿ,” ಎಂದು ಮುರುಗೇಶಪ್ಪ ಗುಂಡಿ ಒತ್ತಿದ.

ಮೊದಲ ಸಾಲು ಹೋಯಿತು. ಎರಡನೆಯದು ಬಂತು. ಆ ಜಾಗದಲ್ಲಿ ಕಾರ್ಡು ತಡೆಯಿತು, ಕೂದಲೆಳೆಯಷ್ಟು, ಚಾಚಲಾರದ ಬೆರಳೊಂದು ಚಾಚಿದ ಹಾಗೆ, ಆಮೇಲೆ ಬಿತ್ತು.

“ನಾನು ತಡ ಮಾಡಿಲ್ರೀ.”

“ಮಾಡಿರ್ತೀರಿ. ದಿನಾ ಕೇಳಿದ ಕೈ ಅದು.”

“ಮರೆತೆ ಅಂತ ನನಗೇ ಗೊತ್ತೈತೆ ಯಜಮಾನ್ರೆ.”

ಮುರುಗೇಶಪ್ಪ ತಾನೇ ಎದ್ದು ಕೀಬೋರ್ಡಿಗೆ ದುಪ್ಪಟಿ ಸುತ್ತಿ, “ಬಸ್ಸು ಬರ್ತೈತೆ, ಹೊರಡ್ರಿ,” ಎಂದ.

ಬಡೇಸಾಬ ಮನೆಗೆ ಬಂದು, ಯಂತ್ರವನ್ನು ಅದರ ಜಾಗದಲ್ಲಿಟ್ಟು ಬೆವರು ಒರೆಸಿಕೊಂಡ ಎಷ್ಟೋ ಹೊತ್ತಿನ ಮೇಲೆ ಹೆಂಗಸರು ಬಂದರು. “ಹರಿಹರದಾಗೆ ಇಳಿದು ಬಸ್ಸು ಬದಲಿಸೋದ್ರಾಗೆ ಜೀವ ಹೋತು. ಅಮಾಸಿ ರಶ್ಶು, ಕಾಲಿಡಾಕೆ ಜಾಗಿಲ್ಲ,” ಎಂದು ಅಂಜಿನವ್ವ ಬಾಗಿಲಲ್ಲೇ ಗೊಣಗಿ ತನ್ನ ಮನೆಗೆ ಹೋದಳು.

ಸುಗ್ರಾಬಿ ನಮಾಜು ಮುಗಿಸಿ ಬಂದಳು. ಗುಂಡಿ ಒತ್ತಿದಳು. ಬಡೇಸಾಬ ಗೋಡೆಗೆ ಒರಗಿ ನಿಂತ. ಎರಡನೇ ಸಾಲಿನಲ್ಲಿ ಅವಳ ಕಣ್ಣು ಮುಚ್ಚಿಕೊಂಡವು. ಹಾಡು ಎಂದಿನ ಜಾಗದಲ್ಲಿ ನಿಂತಿತು.

“ಇವತ್ತು ಅವನ್ನ ನೋಡಿದೆ,” ಎಂದಳು.

“ಯಾರನ್ನ?”

“ಹಿದಾಯತನ್ನ. ಹರಿಹರದಾಗೆ ನಮ್ ಬಸ್ಸು ಆ ರೇಡಿಯೋ ಅಂಗಡಿ ಮುಂದೆ ಬಂತು. ಒಳಗೆ ಕುಂತು ಬಾರಿಸ್ತಿದ್ದ. ಈ ಕಡೆ ಬೆನ್ನು. ಕೂಗಿದೆ, ಅಂಜಿನವ್ವ ಕೈ ಹಿಡಿದು ಕೂರಿಸಿದ್ಲು. ಅಜ್ಜ ನನ್ನ ಮಾತು ನಡೆಸಿಕೊಟ್ಟ ಬಡೇ.”

ಬಡೇಸಾಬ ಅದು ನಾನು ಎನ್ನಲು ಬಾಯಿ ತೆರೆದ. ಬಂದ ಮಾತು ಬೇರೆ. “ಯಾವ ಅಂಗಿ ಹಾಕಿದ್ದ ಅಮ್ಮಾ?”

“ನೀಲಿ ಅಂಗಿ,” ಎಂದಳು ಸುಗ್ರಾಬಿ, ನೀಲಿ ಅಂಗಿಯಲ್ಲಿ ಎದುರು ನಿಂತ ಮಗನನ್ನೇ ನೋಡುತ್ತ. “ಬಾಳ ಸೊರಗಿದ್ದ. ಬೆಳಿಗ್ಗಿಂದ ಹೊಟ್ಟಿಗೇನೂ ಹಾಕಿದಂಗಿರಲಿಲ್ಲ.”

ಬಡೇಸಾಬ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅದನ್ನೂ ಹೇಳಲಿಲ್ಲ.