ಅತ್ತೆಯ ಮುಖ ನೋಡಿ ಮಾತಾಡಿದ್ದಕ್ಕೆ

ಹೋದ ವರ್ಷ ಸಂಕ್ರಾಂತಿ ಮುಗಿದ ವಾರದಲ್ಲಿ ಶುರುವಾದದ್ದು ಇದು. ಮಾಯಸಂದ್ರದ ಹತ್ತಿರದ ನಮ್ಮೂರಿಗೆ ಸುಷ್ಮಾ ಎಂಬ ಹುಡುಗಿ, ತೆಂಗು ಬೆಳೆಯುವ ಮನೆಗಳ ಹೆಂಗಸರ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಬಂದಿದ್ದಳು. ನಮ್ಮ ಮನೆಗೆ ಬಂದಾಗ ನಾನೂ ಅತ್ತೆಯೂ ಅಟ್ಟದಿಂದ ಇಳಿಸಿದ ಕಾಯಿ ನೋಡುತ್ತ ಕೂತಿದ್ದೆವು. ಅತ್ತೆ ಒಂದೊಂದನ್ನೇ ಅಲ್ಲಾಡಿಸಿ ನನ್ನ ಕೈಗೆ ಕೊಡುವರು. ಒಳಗಿನ ಕೊಬ್ಬರಿ ಒಣಗಿ ಬಿಟ್ಟುಕೊಂಡಿದ್ದರೆ ಸದ್ದು ಬರುತ್ತದೆ, ಅದನ್ನು ನಾನು ಕಿವಿಗೆ ಹಿಡಿದು ಕೇಳಿ ಹೇಳಬೇಕು. ಕೆಲಸ ಮಾಡುತ್ತಲೇ ಅವಳ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಮಜ್ಜಿಗೆ ಕುಡಿದು, “ಬರೆದದ್ದನ್ನ ನಿಮಗೆ ಓದಿ ಹೇಳಿಯೇ ಮುಂದಕ್ಕೆ ಕಳಿಸ್ತೀನಿ ಅಕ್ಕ” ಎಂದು ಹೋದಳು. ಇಂಥವರು ಮತ್ತೆ ಬರುವುದುಂಟೇ ಎಂದುಕೊಂಡು ನಾನು ಮರೆತೇಬಿಟ್ಟೆ.

ಯುಗಾದಿ ಹೊತ್ತಿಗೆ ಬಂದೇಬಿಟ್ಟಳು. ಅತ್ತೆ ಜಗಲಿಯ ಆ ತುದಿಯಲ್ಲಿ ಕೂತಿದ್ದರು; ಇವಳು ನನ್ನ ಪಕ್ಕ ಕೂತು ಓದಿದಳು: “ಸೊಸೆ ಪ್ರತಿ ಉತ್ತರಕ್ಕೂ ಅತ್ತೆಯ ಮುಖ ನೋಡುತ್ತಾಳೆ. ಅತ್ತೆಯ ಒಪ್ಪಿಗೆಯಿಲ್ಲದೆ ಮಾತಾಡುವ ಧೈರ್ಯ ಆಕೆಗಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ತಾಯಿ ಇಲ್ಲದ ನನಗೆ ಎರಡು ಬಾಣಂತನ ಮಾಡಿದ ಹೆಂಗಸು ಇವರು. ಯಾರೋ ಎಲ್ಲೋ ಇದನ್ನು ಓದಿ ಇವರನ್ನು ಘಟವಾಣಿ ಅಂದುಕೊಳ್ಳಬೇಕೇ?

“ಏನಮ್ಮಾ ಹಿಂಗ್ ಬರ್ದಿದೀಯ! ನಮ್ಮತ್ತೆಗೆ ಕಿವಿ ಕೇಳ್ಸಲ್ಲ ಕಣಮ್ಮ. ತುಟಿ ನೋಡೇ ಮಾತು ತಿಳ್ಕೊಳ್ಳೋದು. ನಾನು ಅವ್ರ ಕಡೆ ತಿರುಗ್ದೆ ಮಾತಾಡುದ್ರೆ, ಏನ್ ಮಾತಾಯ್ತು ಅಂತ ಅವ್ರಿಗೆ ಹೆಂಗ್ ಗೊತ್ತಾಗ್ಬೇಕು?”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಕಿವಿಯ ಸಂಗತಿ ಹೊರಗಿನವರಿಗೆ ತಿಳಿಯುವುದು ಅತ್ತೆಗೆ ಸುತರಾಂ ಇಷ್ಟವಿಲ್ಲ. ಅದಕ್ಕೇ ಮೊದಲ ಸಲ ನಾನೂ ಹೇಳಿರಲಿಲ್ಲ.

ಸುಷ್ಮಾಳ ಮುಖ ಬಾಡಿತು. “ನಮ್ಮಮ್ಮ ನಮ್ಮಜ್ಜಿ ಮುಖ ನೋಡದೆ ಒಂದು ಮಾತೂ ಆಡ್ತಿರಲಿಲ್ಲ ಅಕ್ಕ, ಅಷ್ಟು ಹೆದರಿಕೆ. ನೀವು ತಿರುಗಿ ನೋಡಿದಾಗೆಲ್ಲ ನನಗೆ ನಮ್ಮಮ್ಮನೇ ಕಾಣಿಸಿದ್ಲು. ಯಾಕೆ ನೋಡ್ತೀರ ಅಂತ ಕೇಳಬೇಕಿತ್ತು, ಕೇಳಲಿಲ್ಲ” ಎಂದಳು. ಪೆನ್ನು ತೆಗೆದು ಆ ಸಾಲುಗಳನ್ನು ಹೊಡೆದುಹಾಕಿದಳು. ಆಮೇಲೆ ಅತ್ತೆಯ ಎದುರಿಗೆ ಹೋಗಿ ಕೂತು, ತುಟಿ ಕಾಣುವ ಹಾಗೆ ಮುಖ ಎತ್ತಿ, ಏನು ಹೊಡೆದುಹಾಕಿದೆನೆಂದು ಹೇಳಿ, ಉಳಿದದ್ದನ್ನು ನಿಧಾನವಾಗಿ ಓದತೊಡಗಿದಳು.

ಅದರಲ್ಲಿ ಒಂದು ಸಾಲು ಬಂತು: “ಕೊಬ್ಬರಿ ಯಾವಾಗ ಮಾರಬೇಕು ಎಂದು ಈ ಮನೆಯಲ್ಲಿ ಸೊಸೆಯನ್ನು ಯಾರೂ ಕೇಳುವುದಿಲ್ಲ.”

ನಾನು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ; ಮಾರುವ ಮಾತು ಬಂದಾಗ ‘ಅದು ಅವ್ರಿಗೇ ಗೊತ್ತು’ ಎಂದಿದ್ದೆ ಅಷ್ಟೆ, ಉಳಿದದ್ದನ್ನು ಹುಡುಗಿ ತಾನೇ ಗಮನಿಸಿದ್ದಳು. ನಿಜವೇ. ಅತ್ತೆ ಮತ್ತು ನನ್ನ ಯಜಮಾನರು ಇಬ್ಬರೇ ಮಾತಾಡಿಕೊಂಡು ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಸಾಗಿಸುತ್ತಿದ್ದರು. ನನಗೆ ಒಳಗೊಳಗೇ ಬೇಜಾರಿತ್ತು. ಆದರೂ ಮನೆ ಮಾನ ಹೋದೀತೆಂದು, “ಅದೂ ತಪ್ಪು, ಅದ್ನೂ ಹೊಡ್ದಾಕು” ಎಂದುಬಿಟ್ಟೆ.

ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದರು.

“ಯಾಕೆ ತಪ್ಪು? ಇರೋದ್ನೇ ಬರ್ದವ್ಳೆ. ಇರ್ಲಿ ಬುಡು” ಎಂದರು. ಆಮೇಲೆ ಸುಷ್ಮಾಳ ಕಡೆ ತಿರುಗಿ, “ಇವ್ಳು ಯಾಕ್ ನನ್ ಮಕ ನೋಡ್ತಾಳೆ ಅಂತ, ನನ್ ಕಿವಿ ಇಚಾರಾನೂ ಬರ್ಕೊಳವ್ವ. ಇಲ್ದಿದ್ರೆ ಓದ್ದೋರು ನನ್ ಸೊಸೆನ ಹೆದರುಪುಕ್ಲಿ ಅಂದ್ಕೊಂಡಾರು!” ಎಂದರು.

ನನಗೆ ಅಳು ಬಂದುಬಿಟ್ಟಿತು. ನಾನು ಅವರ ಮಾನ ಕಾಯಲು ಹೊರಟಿದ್ದರೆ, ಅವರು ನನ್ನದನ್ನು ಕಾದರು.

ಅದಾಗಿ ಸ್ವಲ್ಪ ದಿನಕ್ಕೆ ಮತ್ತೆ ಕಾಯಿ ಇಳಿಸಿದೆವು. ಅತ್ತೆ ಅಲ್ಲಾಡಿಸಿ ಕೊಟ್ಟರು, ನಾನು ಕಿವಿಗೆ ಹಿಡಿದು ತಲೆಯಾಡಿಸಿದೆ. ಯಾವಾಗಲೂ ಅಷ್ಟಕ್ಕೇ ಮುಗಿಯುತ್ತಿತ್ತು. ಅವತ್ತು ಅವರು ನನ್ನ ಮುಖವನ್ನೇ ನೋಡುತ್ತ ಕೂತರು.

“ಏನತ್ತೆ?”

“ಈ ವಾರ ತಿಪಟೂರ್ಗೆ ಹಾಕಾನಾ, ಇನ್ನೊಂದಷ್ಟ್ ದಿನ ಇಕ್ಕಾನಾ? ನೀನೇ ಹೇಳು.”

“ಇನ್ನೊಂದ್ ತಿಂಗ್ಳು ಇರ್ಲಿ ಅತ್ತೆ” ಎಂದೆ. ಇಟ್ಟೆವು.

ಸುಷ್ಮಾ ಒಂದು ತಪ್ಪು ಬರೆದಿದ್ದಳು, ಒಂದು ಸರಿ ಬರೆದಿದ್ದಳು. ಎರಡನ್ನೂ ನಮ್ಮೆದುರು ಕೂತು ಓದಿದಳಲ್ಲ, ಅದಕ್ಕೆ ನಾನು ಋಣಿ. ಬರೆದುಕೊಂಡು ಸುಮ್ಮನೆ ಹೋಗಿದ್ದರೆ ನಮ್ಮತ್ತೆ ಕಾಗದದಲ್ಲಿ ಘಟವಾಣಿಯಾಗಿಯೇ ಉಳಿಯುತ್ತಿದ್ದರು, ನನ್ನನ್ನು ಇವತ್ತಿಗೂ ಯಾರೂ ಕೇಳುತ್ತಿರಲಿಲ್ಲ.