ಜೇನಿನ ಪುಟ

ನಮ್ಮ ವ್ಯಾಪಾರ ಇಲಾಖೆಯಲ್ಲಿ ಅವರನ್ನು ಎಲ್ಲರೂ ಪಟ್ಟಿ ಮೇಡಂ ಅಂತಲೇ ಕರೆಯುತ್ತಿದ್ದರು. ಹೊರದೇಶದಿಂದ ಬರುವ ಪ್ರತಿ ಸರಕಿಗೂ ಒಂದು ಸಂಖ್ಯೆ, ಅದರ ಮುಂದೆ ಇಷ್ಟು ಸುಂಕ ಅಂತ ಬರೆದ ದಪ್ಪ ಪಟ್ಟಿಯೊಂದಿದೆ. ಅದರಲ್ಲಿ ಬೇಸಾಯದ ಭಾಗವನ್ನು ಇಪ್ಪತ್ತಾರು ವರ್ಷ ನೋಡಿಕೊಂಡವರು ಅವರು. ಮದುವೆಯಾದ ತಾರೀಖು ಕೇಳಿದರೆ ಡೈರಿ ತೆಗೆಯುತ್ತಿದ್ದರು. ಒಣ ಬಟಾಣಿಯ ಸಂಖ್ಯೆ ಕೇಳಿದರೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ನನ್ನ ಮೇಜು ಅವರ ಪಕ್ಕದ್ದು. ಕೆಲಸ ಕಲಿತದ್ದು ಅವರಿಂದ, ಬೈಸಿಕೊಂಡದ್ದೂ ಅವರಿಂದಲೇ.

ಆ ವರ್ಷ ಇನ್ನೊಂದು ದೇಶದ ಜೊತೆ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ನಡೆಯುತ್ತಿತ್ತು. ಉದ್ದ ಮೇಜಿನ ಆ ಕಡೆ ಆ ದೇಶದವರು, ಈ ಕಡೆ ನಮ್ಮ ದೊಡ್ಡ ಸಾಹೇಬರು. ಬೆನ್ನ ಹಿಂದಿನ ಸಾಲಿನಲ್ಲಿ ಕಾಗದ ಹಿಡಿದುಕೊಂಡು ಮೇಡಂ ಮತ್ತು ನಾನು. ಒಂಬತ್ತನೇ ಸುತ್ತಿನಲ್ಲಿ ಆ ಕಡೆಯವರು ಹೊಸ ರಾಗ ಎಳೆದರು. ಜೇನುತುಪ್ಪದ ಮೇಲಿನ ಸುಂಕವನ್ನು ನಾವು ಇಳಿಸಬೇಕಂತೆ, ಹಾಗಾದರೆ ನಮ್ಮ ದ್ರಾಕ್ಷಿಗೆ ಅವರು ಬಾಗಿಲು ತೆರೆಯುತ್ತಾರಂತೆ.

ಊಟದ ಬಿಡುವಿನಲ್ಲಿ ಸಾಹೇಬರು ಮೇಡಂ ಕಡೆ ತಿರುಗಿದರು. "ಜೇನು ಬಿಟ್ಟುಕೊಟ್ಟರೆ ನಮಗೇನು ನಷ್ಟ ಅಂತ ಒಂದು ಪುಟ ಬರೆದುಕೊಡಿ."

"ಅದು ಮಾತ್ರ ಬೇಡ ಸರ್. ನನ್ನ ತಮ್ಮ ಜೇನು ಸಾಕ್ತಾನೆ. ಅರವತ್ತು ಪೆಟ್ಟಿಗೆ ಇದೆ. ಆ ಪುಟ ನಾನು ಬರೆಯೋದು ಸರಿಯಲ್ಲ."

ಸಾಹೇಬರು ನಕ್ಕುಬಿಟ್ಟರು. "ಅಯ್ಯೋ ಮೇಡಂ, ನಮ್ಮ ಮಾವನಿಗೆ ದ್ರಾಕ್ಷಿ ತೋಟ ಇದೆ. ಹಾಗಂತ ನಾನು ಎದ್ದು ಹೋಗ್ಲಾ?"

"ಅದು ನಿಮಗೆ ಬಿಟ್ಟಿದ್ದು ಸರ್. ನಾನಂತೂ ಬರೆಯಲ್ಲ."

ಸಾಹೇಬರ ನಗು ಅಲ್ಲೇ ನಿಂತಿತು. ಪುಟ ನನ್ನ ತಲೆಗೆ ಬಂತು.

ನನಗೆ ಜೇನಿನ ಗಂಧಗಾಳಿ ಇರಲಿಲ್ಲ. ಎಷ್ಟು ಮನೆಗಳು ಅದನ್ನೇ ನಂಬಿವೆ ಅಂತ ಮೇಡಂನ ಕೇಳಿದೆ. "ಕಡತ ನೋಡಿ ಬರಿ. ನನ್ನ ಬಾಯಿಂದ ಏನೂ ಬರಲ್ಲ" ಅಂದರು. ಕಡತದಲ್ಲಿದ್ದದ್ದು ಹನ್ನೊಂದು ವರ್ಷ ಹಳೆಯ ಲೆಕ್ಕ. ಅದನ್ನೇ ಹಾಕಿ ಅರ್ಧ ಗಂಟೆಯಲ್ಲಿ ಬರೆದುಕೊಟ್ಟೆ. ಓದಿದವರಿಗೆ ಜೇನು ಸಾಕುವವರು ನಾಲ್ಕು ಜನ ಹವ್ಯಾಸಿಗಳು ಅನ್ನಿಸುವಂತಿತ್ತು. ಸಂಜೆ ಐದಕ್ಕೆ ಜೇನು ಕೈಬಿಟ್ಟು ಹೋಯಿತು. ಏಳು ವರ್ಷದಲ್ಲಿ ಸುಂಕ ಸೊನ್ನೆಗೆ ಇಳಿಯಬೇಕು ಅಂತಾಯಿತು.

ಘೋಷಣೆಯಾಗುವವರೆಗೆ ಹೊರಗೆ ತುಟಿ ಬಿಚ್ಚುವಂತಿಲ್ಲ. ಮುಂದಿನ ಭಾನುವಾರ ಮೇಡಂ ತಮ್ಮನ ಮನೆಗೆ ಹೋಗಿದ್ದರಂತೆ. ಅಂಗಳದ ತುಂಬ ಮರದ ಹೊಟ್ಟು. ತಮ್ಮ ಹೊಸದಾಗಿ ಇಪ್ಪತ್ತು ಪೆಟ್ಟಿಗೆ ಮಾಡುತ್ತಿದ್ದ. "ಇಷ್ಟು ಅವಸರ ಯಾಕೋ? ಸ್ವಲ್ಪ ತಡಿ" ಅಂದರಂತೆ ಇವರು. "ನಿಂಗೆ ಎಲ್ಲದಕ್ಕೂ ಭಯ ಅಕ್ಕ" ಅಂತ ಅವನು ನಗುತ್ತಾ ಮೊಳೆ ಹೊಡೆದನಂತೆ. ಸೋಮವಾರ ಇದನ್ನು ಹೇಳುವಾಗ ಮೇಡಂ ನನ್ನ ಮುಖ ನೋಡಲಿಲ್ಲ.

ಮೂರು ವಾರದ ಮೇಲೆ ಸುದ್ದಿ ಪತ್ರಿಕೆಯಲ್ಲಿ ಬಂತು. ಹತ್ತು ಗಂಟೆಗೆಲ್ಲ ಕಚೇರಿಯ ಫೋನು ಬಡಿದುಕೊಂಡಿತು. ಎತ್ತಿ ಮೇಡಂ ಕೈಗೆ ಕೊಟ್ಟೆ. ಆ ಕಡೆಯ ದನಿ ನನಗೂ ಕೇಳುತ್ತಿತ್ತು.

"ಅಕ್ಕ, ನೀನು ಆ ಕೋಣೆಯಲ್ಲೇ ಇದ್ಯಾ?"

"ಹೂಂ."

"ನಾನು ಮೊಳೆ ಹೊಡೀತಿದ್ದಾಗ ನಿಂಗೆ ಗೊತ್ತಿತ್ತಾ?"

"ಹೂಂ."

ಫೋನು ಇಟ್ಟ ಸದ್ದಾಯಿತು. ಮೇಡಂ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಸಾಸಿವೆಯ ಪುಟ ತಿದ್ದಲು ಕೂತರು. ಆಮೇಲೆ ನಾಲ್ಕು ತಿಂಗಳು ಅಕ್ಕತಮ್ಮನ ನಡುವೆ ಮಾತಿಲ್ಲ. ತಮ್ಮನ ಹೆಂಡತಿ ಮಾತ್ರ ಆಗಾಗ ಫೋನು ಮಾಡಿ, "ಅತ್ತಿಗೆ, ಅವರು ಮುಖ ಊದಿಸಿಕೊಂಡೇ ಇದಾರೆ. ನೀವಾದ್ರೂ ಬನ್ನಿ" ಅನ್ನುತ್ತಿದ್ದಳು. ಇವರು ಹೋಗಲಿಲ್ಲ. ಡಬ್ಬಿಯ ಊಟ ಅರ್ಧಕ್ಕೇ ಮುಚ್ಚಿಡುವುದು ಅಭ್ಯಾಸವಾಯಿತು.

ನನಗೆ ತಡೆಯಲಾಗಲಿಲ್ಲ. ಒಂದು ದಿನ ರಜೆ ಹಾಕಿ, ಮೇಡಂಗೆ ಹೇಳದೆ, ವಿಳಾಸ ಹುಡುಕಿಕೊಂಡು ಹೋದೆ. ತಮ್ಮ ಪೆಟ್ಟಿಗೆಗಳ ನಡುವೆ ಬಗ್ಗಿದ್ದ. ಯಾರು ಏನು ಅಂತ ಕೇಳುವ ಮೊದಲೇ ಮುಖಕ್ಕೆ ಹಾಕುವ ಬಲೆಯೊಂದನ್ನು ನನ್ನತ್ತ ಎಸೆದ.

"ನಿಮ್ಮ ಅಕ್ಕನ ಕಚೇರಿಯವನು. ಜೇನು ಬಿಟ್ಟುಕೊಟ್ಟರೆ ಏನು ನಷ್ಟ ಅಂತ ಸಾಹೇಬರಿಗೆ ಪುಟ ಬರೆದುಕೊಟ್ಟವನು ನಾನು. ನಿಮ್ಮ ಅಕ್ಕ ಅಲ್ಲ" ಅಂದೆ.

ಕೈಯಲ್ಲಿದ್ದ, ಹುಳ ಕೂತ ಚೌಕಟ್ಟನ್ನು ಮೆಲ್ಲಗೆ ಪೆಟ್ಟಿಗೆಯೊಳಗಿಟ್ಟ. "ಅವಳು ಬರೆದಿದ್ರೆ ಉಳೀತಿತ್ತಾ?"

ಸುಳ್ಳು ಹೇಳಬಹುದಿತ್ತು. "ಉಳೀತಿತ್ತೇನೋ. ಅವರಷ್ಟು ತಿಳಿದವರು ನಮ್ಮಲ್ಲಿ ಯಾರೂ ಇಲ್ಲ."

"ಮತ್ತೆ ಯಾಕೆ ಬರೀಲಿಲ್ಲ?"

"ನೀವು ಅವರ ತಮ್ಮ ಅಂತ."

ಅವನು ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಕಲ್ಲಿಟ್ಟ. ನನ್ನ ಬಲೆಯ ಮೇಲೆ ಹುಳಗಳು ಹರಿದಾಡುತ್ತಿದ್ದವು. ಕೊನೆಗೆ ಅವನಿಗೆ ನಗು ಬಂತು. ಸಿಟ್ಟು ಬೆರೆತ ನಗು. "ಚಿಕ್ಕವರಿದ್ದಾಗಲೂ ಹಾಗೇ ಸಾರ್. ಆಟದಲ್ಲಿ ತೀರ್ಪು ಹೇಳೋಕೆ ಅವಳು ನಿಂತಳು ಅಂದ್ರೆ ಮೊದಲು ಔಟ್ ಆಗೋದು ನಾನೇ. ಲೈನು ಮುಟ್ಟಿರಲಿ, ಬಿಟ್ಟಿರಲಿ."

ಅವತ್ತು ಮಧ್ಯಾಹ್ನವೇ ಅವನು ಅಕ್ಕನಿಗೆ ಫೋನು ಮಾಡಿದ. ಮರುದಿನ ಮೇಡಂ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. "ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ?" ಬೈದು ಮುಗಿಸಿ ಡಬ್ಬಿ ತೆಗೆದು ಪೂರ್ತಿ ಊಟ ಮಾಡಿದರು.

ಎರಡು ವರ್ಷದ ಮೇಲೆ ಒಪ್ಪಂದದ ಮರುಪರಿಶೀಲನೆ ಬಂತು. ಜೇನು ಸಾಕುವವರ ಸಂಘದಿಂದ ಅರ್ಜಿ ಬಂದಿತ್ತು. ಕೆಳಗೆ ತಮ್ಮನ ಸಹಿ. ಮೇಡಂ ಅದನ್ನು ಬೆರಳಲ್ಲೂ ಮುಟ್ಟದೆ ನನ್ನ ಕಡೆ ತಳ್ಳಿದರು. ಈ ಸಲ ನಾನು ಕಡತ ನಂಬಿ ಕೂರಲಿಲ್ಲ. ಇಪ್ಪತ್ತು ದಿನ ಬಸ್ಸಲ್ಲಿ ಅಲೆದು ಮನೆಮನೆ ಎಣಿಸಿದೆ. ಹಳೆಯ ಲೆಕ್ಕದ ಒಂಬತ್ತು ಪಟ್ಟು ಮನೆಗಳು ಸಿಕ್ಕವು. ಆದರೂ ಒಮ್ಮೆ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಲಾಗಲಿಲ್ಲ. ಸಿಕ್ಕಿದ್ದು ಇಷ್ಟೇ: ಹೊರಗಿನಿಂದ ಬರುವ ಜೇನಿಗೆ ಸಕ್ಕರೆ ಪಾಕ ಬೆರೆಸಿಲ್ಲ ಅಂತ ಪರೀಕ್ಷೆಯಾಗಬೇಕು, ಸುಂಕ ಏಳರ ಬದಲು ಹತ್ತು ವರ್ಷದಲ್ಲಿ ಇಳಿಯಬೇಕು.

ತಮ್ಮನ ಹತ್ತಿರ ಈಗ ಇರುವುದು ಮೂವತ್ತೆಂಟು ಪೆಟ್ಟಿಗೆ. ಹೂ ಬಿಡುವ ಕಾಲದಲ್ಲಿ ಅವನ್ನು ಸೂರ್ಯಕಾಂತಿ ಹೊಲಗಳಿಗೆ ಬಾಡಿಗೆಗೆ ಕೊಡುತ್ತಾನೆ. ಮೊದಲಿನಂತಿಲ್ಲ, ಆದರೆ ಕೈಬಿಟ್ಟಿಲ್ಲ.

ಹೋದ ತಿಂಗಳು ಮೇಡಂ ನಿವೃತ್ತರಾದರು. ಅವರ ಪುಸ್ತಕಗಳನ್ನು ಒಯ್ಯಲು ತಮ್ಮನೇ ವ್ಯಾನು ತಂದಿದ್ದ. ಒಳಗೆಲ್ಲ ಜೇನು ಮೇಣದ ವಾಸನೆ. ಮುಂದಿನ ಸೀಟಿನಲ್ಲಿ ಕೂರುತ್ತಲೇ ಮೇಡಂ, "ಮೆಲ್ಲಗೆ ಓಡಿಸೋ" ಅಂದರು.

"ಇನ್ನೂ ಚಾಲೂನೇ ಮಾಡಿಲ್ಲ ಮಾರಾಯ್ತಿ" ಅಂದ ತಮ್ಮ.